ದೂರದ ದನಿಗೆ ಕಿವಿಗೊಡುವ ಹವ್ಯಾಸ

ಆಳಂದ ತಾಲ್ಲೂಕಿನ ನಿಂಬರ್ಗಾಕ್ಕೆ ಹೋದಾಗಲೆಲ್ಲ ಪುಟ್ಟದೊಂದು ಶಾರ್ಟ್‌ವೇವ್ ರೇಡಿಯೊ ಒಯ್ಯುತ್ತೇನೆ. ಬೆಂಗಳೂರಿನ ಮನೆಯಲ್ಲಿ ಎಲ್‌ಇಡಿ ದೀಪ, ಚಾರ್ಜರ್‌ಗಳು ಎಬ್ಬಿಸುವ ಗೊರಗೊರ ಸದ್ದಿನಲ್ಲಿ ಮುಳುಗಿಹೋಗುವ ವಿದೇಶಿ ಕೇಂದ್ರಗಳು, ಅಲ್ಲಿ ರಾತ್ರಿ ಕರೆಂಟು ಹೋದೊಡನೆ ಮಾಳಿಗೆಯ ಮೇಲೆ ಸ್ಪಷ್ಟವಾಗಿ ಕೇಳಿಸುತ್ತವೆ. ಮೊಬೈಲಿನಲ್ಲೇ ಜಗತ್ತು ಸಿಗುವಾಗ ಇದೇನು ಹುಚ್ಚು ಎಂದು ಕೇಳುವವರಿದ್ದಾರೆ. ಪ್ರಶ್ನೆ ಸಹಜವೇ, ಉತ್ತರ ಮಾತ್ರ ಕೇವಲ ಹಳೆಯ ನೆನಪುಗಳಲ್ಲಿಲ್ಲ.

ನೆನಪುಗಳೂ ಇವೆ, ನಿಜ. ಅಂಚೆ ಕಚೇರಿಯಲ್ಲಿ ಶುಲ್ಕ ಕಟ್ಟಿ ರೇಡಿಯೊ ಲೈಸೆನ್ಸ್ ಪಡೆಯಬೇಕಿದ್ದ ಕಾಲವದು. 1966ರಲ್ಲಿ ಕಲಬುರಗಿಯಲ್ಲಿ ಆಕಾಶವಾಣಿ ಕೇಂದ್ರ ಆರಂಭವಾದ ಮೇಲೂ ಬುಧವಾರ ರಾತ್ರಿ ಅಮೀನ್ ಸಯಾನಿಯವರ 'ಬಿನಾಕಾ ಗೀತಮಾಲಾ' ಕೇಳಲು ರೇಡಿಯೊದ ಮುಳ್ಳು ಸಿಲೋನಿನತ್ತ ತಿರುಗುತ್ತಿತ್ತು. 1975ರಲ್ಲಿ ತುರ್ತು ಪರಿಸ್ಥಿತಿ ಬಂದು ಪತ್ರಿಕೆಗಳಿಗೆ ಸೆನ್ಸಾರ್ ಹಾಕಿದಾಗ, ಹಿರಿಯರು ಬಾಗಿಲು ಮುಚ್ಚಿಕೊಂಡು ಬಿಬಿಸಿಯ ಹಿಂದಿ ವಾರ್ತೆಗೆ ಕಿವಿಗೊಡುತ್ತಿದ್ದರು. ಸರ್ಕಾರ ಹೇಳದ ಮಾತು ನಮ್ಮೂರಿಗೆ ಆಕಾಶದಿಂದ ಇಳಿದು ಬರುತ್ತಿತ್ತು.

ಇದು ಬರಿಯ ರೂಪಕವಲ್ಲ. ಶಾರ್ಟ್‌ವೇವ್ ತರಂಗಗಳು ಮೇಲಿನ ಅಯಾನುಗೋಳದಿಂದ ಬಾಗಿ ಸಾವಿರಾರು ಕಿಲೋಮೀಟರ್ ದೂರದಲ್ಲಿ ಭೂಮಿಗೆ ಮರಳುತ್ತವೆ. ಹಗಲು ರಾತ್ರಿಗಳು, ಋತುಗಳು, ಸುಮಾರು 11 ವರ್ಷಗಳ ಸೌರಕಲೆಗಳ ಆವರ್ತ ಇವೆಲ್ಲ ಅದರ ಮೇಲೆ ಪರಿಣಾಮ ಬೀರುವುದರಿಂದ ಇಂದು ಕೇಳಿದ ಕೇಂದ್ರ ನಾಳೆ ಸಿಗುವ ಭರವಸೆಯಿಲ್ಲ. ದುರ್ಬಲವಾದೊಂದು ದನಿಯನ್ನು ಹಿಡಿದು, ವರದಿ ಬರೆದು ಕಳುಹಿಸಿ, ಆ ಕೇಂದ್ರದಿಂದ ಕ್ಯೂಎಸ್‌ಎಲ್ ಕಾರ್ಡು ಬರುವವರೆಗೆ ಕಾಯುವುದರಲ್ಲೇ ಹವ್ಯಾಸಿಯ ಸುಖವಿದೆ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಇದರಲ್ಲಿ 'ಸಾರ್ವಜನಿಕ ಸರಕಿ'ನ ಶುದ್ಧ ಉದಾಹರಣೆ ಕಾಣುತ್ತದೆ. ಲಕ್ಷ ಜನ ಹೆಚ್ಚಾಗಿ ಕೇಳಿದರೂ ಪ್ರಸಾರದ ವೆಚ್ಚ ಒಂದು ಪೈಸೆಯೂ ಏರದು. ಯಾರು ಕೇಳಿದರು, ಎಷ್ಟು ಹೊತ್ತು ಕೇಳಿದರು ಎಂಬುದು ಯಾವ ಕಂಪನಿಯ ಲೆಕ್ಕಕ್ಕೂ ಸಿಗದು. ಇಂಟರ್‌ನೆಟ್ಟನ್ನು ಒಂದು ಆದೇಶದಿಂದ ಸ್ಥಗಿತಗೊಳಿಸಬಹುದು. ಗಡಿಯಾಚೆಯ ತರಂಗಕ್ಕೆ ಅಡ್ಡಿಪಡಿಸಬಹುದಾದರೂ ಪೂರ್ತಿ ತಡೆಯುವುದು ಕಷ್ಟ.

ಆದರೂ ಲೆಕ್ಕಪತ್ರದಲ್ಲಿ ಕಾಣುವುದು ವಿದ್ಯುತ್ ಬಿಲ್ಲು ಮಾತ್ರ. ಬಿಬಿಸಿ ಹಿಂದಿಯ ಶಾರ್ಟ್‌ವೇವ್ ಪ್ರಸಾರ 2020ರ ಜನವರಿ 31ರಂದು ನಿಂತಿತು. ಎರಡೇ ವರ್ಷಗಳಲ್ಲಿ, 2022ರ ಮಾರ್ಚ್‌ನಲ್ಲಿ, ಉಕ್ರೇನ್ ಯುದ್ಧದ ನಡುವೆ ಅದೇ ಬಿಬಿಸಿ ಅಲ್ಲಿನ ಜನರಿಗಾಗಿ ಎರಡು ಹೊಸ ಶಾರ್ಟ್‌ವೇವ್ ತರಂಗಾಂತರಗಳಲ್ಲಿ ದಿನಕ್ಕೆ ನಾಲ್ಕು ಗಂಟೆಗಳ ವಾರ್ತೆ ಆರಂಭಿಸಬೇಕಾಯಿತು. ನಮ್ಮ ಆಕಾಶವಾಣಿಯೂ ಹಲವು ಶಾರ್ಟ್‌ವೇವ್ ಪ್ರಸಾರಗಳನ್ನು ಕೈಬಿಟ್ಟಿದೆ. ಬೆಂಗಳೂರಿನ ಬಳಿ 1990ರ ದಶಕದಲ್ಲಿ ಸ್ಥಾಪಿಸಿದಂಥ 500 ಕಿಲೋವಾಟ್ ಸಾಮರ್ಥ್ಯದ ಪ್ರೇಷಕಗಳನ್ನು ಮತ್ತೆ ಕಟ್ಟುವುದು ಸುಲಭವಲ್ಲ.

ಎಲ್ಲವನ್ನೂ ಉಳಿಸಿಕೊಳ್ಳಿ ಎಂಬುದು ನನ್ನ ವಾದವಲ್ಲ. ಪ್ರವಾಹ, ಚಂಡಮಾರುತ, ಯುದ್ಧಗಳ ದಿನಕ್ಕಾಗಿ ಕೆಲವನ್ನಾದರೂ ಸುಸ್ಥಿತಿಯಲ್ಲಿಡಬೇಕು. ಎಲ್ಲ ತಂತಿಗಳೂ ಕಡಿದ ದಿನ ಕಿವಿಗೊಡಲು ನಿಂಬರ್ಗಾದ ಮಾಳಿಗೆಯ ಮೇಲೆ ಜನರಿರುತ್ತಾರೆ. ಮಾತನಾಡಲು ಆಚೆ ತುದಿಯಲ್ಲಿ ಒಂದು ದನಿಯೂ ಇರಬೇಕಲ್ಲವೆ?