ಪದಕ್ಕೆ ರೆಜೆಕ್ಸ್, ವಾಕ್ಯಕ್ಕೆ ಪಾರ್ಸರ್

ಕಂಪೈಲರ್ ಲ್ಯಾಬ್‌ನ ಮಿನಿ ಪ್ರಾಜೆಕ್ಟ್ ಬಂತೆಂದರೆ ನಮ್ಮಲ್ಲಿ ಎರಡು ಪಂಗಡ. ಒಂದು, ಇಡೀ ಭಾಷೆಯನ್ನೇ ಒಂದು ಉದ್ದನೆಯ ರೆಜೆಕ್ಸ್‌ನಲ್ಲಿ ಹಿಡಿಯಲು ಹೊರಡುತ್ತದೆ. ಇನ್ನೊಂದು, ರಸ್ಟ್‌ನಲ್ಲಿ ‘ನಾಮ್’ ತರಹದ ಪಾರ್ಸರ್ ಲೈಬ್ರರಿ ಇರುವಾಗ ರೆಜೆಕ್ಸ್ ಯಾಕೆ ಬೇಕು ಅಂತ ಮೂಗು ಮುರಿಯುತ್ತದೆ. ಎರಡೂ ಬೇಕು, ಆದರೆ ಅವುಗಳ ಜಾಗ ಬೇರೆ ಬೇರೆ ಅನ್ನೋದು ನಮ್ಮ ವಾದ.

ಹೆಸರು, ಸಂಖ್ಯೆ, ದಿನಾಂಕದಂಥ ಬಿಡಿ ಟೋಕನ್‌ಗಳಿಗೆ ರೆಜೆಕ್ಸ್ ಹೇಳಿ ಮಾಡಿಸಿದ ಹಾಗಿದೆ. ಆದರೆ ((2+3)*4) ಬಂದಾಗ ಎಷ್ಟು ಬ್ರಾಕೆಟ್ ತೆರೆದಿದೆ, ಎಷ್ಟು ಮುಚ್ಚಿದೆ ಅಂತ ಲೆಕ್ಕ ಇಡೋದು ಅದರ ಕೈಲಾಗದು. ಫೈನೈಟ್ ಆಟೊಮೇಟಾಗೆ ಅಷ್ಟು ನೆನಪಿಲ್ಲ ಅಂತ ಥಿಯರಿ ಕ್ಲಾಸಿನಲ್ಲೇ ಓದಿದ್ದೇವಲ್ಲ! ಅದು ಪಾರ್ಸರ್‌ನ ಕೆಲಸ. ಅಲ್ಲಿ ಫಂಕ್ಷನ್ ತನ್ನನ್ನೇ ಕರೆದುಕೊಳ್ಳುತ್ತಾ ಒಳಗಿಳಿಯುತ್ತದೆ.

ಪಾರ್ಸರ್ ಒಳಗೆ ರೆಜೆಕ್ಸ್ ಇಡುವಾಗ ಎರಡು ಎಚ್ಚರಿಕೆ ಬೇಕು. ಒಂದು, ಪ್ಯಾಟರ್ನ್‌ನ ಮೊದಲಲ್ಲಿ ^ ಹಾಕಿ. ಇಲ್ಲದಿದ್ದರೆ ಹುಡುಕಾಟ ಮುಂದೆ ಎಲ್ಲೋ ಹೋಗಿ ನಿಲ್ಲುತ್ತದೆ, ನಡುವಿನ ತಪ್ಪು ಅಕ್ಷರಗಳು ಸದ್ದಿಲ್ಲದೆ ಜಾರಿಹೋಗಬಹುದು. ಎರಡು, ರಸ್ಟ್ ಕಂಪೈಲ್ ಆಗುವ ಭಾಷೆಯಾದರೂ ರೆಜೆಕ್ಸ್ ಕ್ರೇಟ್‌ನ ಪ್ಯಾಟರ್ನ್ ತಯಾರಾಗೋದು ಪ್ರೋಗ್ರಾಂ ಓಡುವಾಗ. ಪ್ಯಾಟರ್ನ್‌ನಲ್ಲಿ ಬ್ರಾಕೆಟ್ ಬಿಟ್ಟುಹೋದರೆ ಕಂಪೈಲರ್ ತುಟಿ ಬಿಚ್ಚಲ್ಲ. ಪ್ರತಿ ಟೋಕನ್‌ಗೂ ಹೊಸದಾಗಿ ಕಟ್ಟಿದರೆ ವೇಗವೂ ಹೋಯಿತು. 1.80ರಿಂದ ಸ್ಟ್ಯಾಂಡರ್ಡ್ ಲೈಬ್ರರಿಯಲ್ಲೇ ಇರುವ ‘ಲೇಜಿಲಾಕ್’ನಲ್ಲಿಟ್ಟು ಒಮ್ಮೆ ಮಾತ್ರ ಕಟ್ಟಿ.

ಇನ್ನು ಕನ್ನಡದ ಮಾತು. ಹೆಸರು ಅಂದರೆ ‘ಎ’ಯಿಂದ ‘ಝಡ್’ವರೆಗೆ ಅಂತ ಬರೆದರೆ ಕನ್ನಡದ ವೇರಿಯೇಬಲ್‌ಗೆ ಬಾಗಿಲು ಹಾಕಿದಂತೆ. ರಸ್ಟ್ ರೆಜೆಕ್ಸ್‌ನಲ್ಲಿ ಪದಾಕ್ಷರದ ಗುರುತು, ಅಂದರೆ ಬ್ಯಾಕ್‌ಸ್ಲ್ಯಾಶ್ ಡಬ್ಲ್ಯು, ಸ್ವರಚಿಹ್ನೆ ಮತ್ತು ವಿರಾಮವನ್ನೂ ಒಪ್ಪುತ್ತದೆ. ‘ಕನ್ನಡ’ ಇಡಿಯಾಗಿ ಸಿಗುತ್ತದೆ. ಪೈಥಾನ್‌ನ ‘ಆರ್‌ಇ’ ಮಾಡ್ಯೂಲ್‌ನಲ್ಲಿ ಅದೇ ಗುರುತು ವಿರಾಮದ ಹತ್ತಿರ ತುಂಡಾಗುತ್ತದೆ. ಆದರೆ ರಸ್ಟ್‌ನಲ್ಲೂ ಒಂದು ಗುಂಡಿ ಇದೆ. ಅಂಕಿಯ ಗುರುತಾದ ಬ್ಯಾಕ್‌ಸ್ಲ್ಯಾಶ್ ಡಿ, ೨೫ ಅನ್ನು ಹಿಡಿಯುತ್ತದೆ, ಆದರೆ ಅದನ್ನು ಪೂರ್ಣಾಂಕ ಮಾಡಲು ಹೋದರೆ ಸ್ಟ್ಯಾಂಡರ್ಡ್ ಲೈಬ್ರರಿ ಎರರ್ ಕೊಡುತ್ತದೆ. ಅಂಕಿ ಬದಲಿಸುವ ಕೆಲಸ ನಾವೇ ಮಾಡಬೇಕು.

ಹಾಗಾಗಿ ಟೆಸ್ಟ್ ಬರೆಯುವಾಗ ನಾಲ್ಕು ಪದರ ಬ್ರಾಕೆಟ್ ಇರುವ ಒಂದು ಸಾಲು, ಕನ್ನಡ ಹೆಸರಿರುವ ಒಂದು ಸಾಲು, ಕನ್ನಡ ಅಂಕಿಯ ಒಂದು ಸಾಲು ಸೇರಿಸೋಣ. ಕನ್ನಡದವರು ನಾವೇ ಅದನ್ನು ಪರೀಕ್ಷಿಸದಿದ್ದರೆ ಇನ್ಯಾರು ಮಾಡ್ತಾರೆ?