ಡೈಪರ್ ಹಾಕುವಾಗ ಮಗು ಹೊರಳಾಡುತ್ತದೆಯೇ? ಮಂಚ ಬಿಡಿ, ನೆಲಕ್ಕೆ ಬನ್ನಿ

ಮಗುವಿಗೆ ಏಳೆಂಟು ತಿಂಗಳಾಗುತ್ತಿದ್ದಂತೆ ಎಲ್ಲ ಮನೆಗಳಲ್ಲೂ ಒಂದೇ ದೂರು. "ಡೈಪರ್ ಹಾಕೋಕೇ ಬಿಡಲ್ಲ. ಮಲಗಿಸಿದ ತಕ್ಷಣ ಮಗುಚಿಕೊಳ್ಳುತ್ತೆ. ಒಂದು ಕಾಲು ತೂರಿಸೋ ಹೊತ್ತಿಗೆ ಇನ್ನೊಂದು ಕಾಲು ಹೊರಗೆ." ಊರಿನಲ್ಲಾಗಿದ್ದರೆ ಪಕ್ಕದಲ್ಲಿ ಅಜ್ಜಿಯೋ ಚಿಕ್ಕಮ್ಮನೋ ಇರುತ್ತಿದ್ದರು. ಒಬ್ಬರು ಆಡಿಸಿದರೆ ಇನ್ನೊಬ್ಬರು ಬಟ್ಟೆ ಹಾಕುತ್ತಿದ್ದರು. ಠಾಣೆಯಲ್ಲೋ, ಪುಣೆಯ ಹಿಂಜವಡಿಯಲ್ಲೋ, ಹೈದರಾಬಾದಿನ ಕೊಂಡಾಪುರದಲ್ಲೋ ಪುಟ್ಟ ಫ್ಲ್ಯಾಟಿನಲ್ಲಿರುವ ನಮಗೆ ಇರುವುದು ಎರಡೇ ಕೈ.

ಮೊದಲಿಗೆ, ಇದನ್ನು ಹಠ ಅನ್ನಬೇಡಿ. ಹೆಚ್ಚಿನ ಮಕ್ಕಳು 4ರಿಂದ 6 ತಿಂಗಳೊಳಗೆ ಮಗುಚುವುದನ್ನು ಕಲಿಯುತ್ತವೆ. ಆಮೇಲೆ ಕೂರುವುದು, ಅಂಬೆಗಾಲು, ಹಿಡಿದು ನಿಲ್ಲುವುದು. ಹೊಸದಾಗಿ ಕಲಿತ ವಿದ್ಯೆಯನ್ನು ದಿನವಿಡೀ ಮಾಡಿ ನೋಡುವ ವಯಸ್ಸು ಅದು. ಅಂಥ ಹೊತ್ತಿನಲ್ಲಿ ಅಂಗಾತ ಮಲಗಿಸಿ ಕಾಲು ಹಿಡಿದರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ? ಗದರಿಸಿದರೆ ಮಗುವಿಗೆ ಅರ್ಥವಾಗುವುದು ನಿಮ್ಮ ಮುಖದ ಕೋಪ ಮಾತ್ರ. ನಾಳೆ ಡೈಪರ್ ಕಂಡರೆ ಇನ್ನಷ್ಟು ಓಡುತ್ತದೆ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಮಗುಚಲು ಕಲಿತ ಮಗುವಿಗೆ ಮಂಚದ ಮೇಲೆ ಡೈಪರ್ ಬದಲಿಸುವುದನ್ನು ಇವತ್ತೇ ನಿಲ್ಲಿಸಿ. ವೈಪ್ಸ್ ತೆಗೆದುಕೊಳ್ಳಲು ನೀವು ಆ ಕಡೆ ತಿರುಗುವ ಎರಡು ಸೆಕೆಂಡು ಸಾಕು, ಮಗು ಅಂಚು ದಾಟಿರುತ್ತದೆ. ಕೆಳಗೆ ವಿಟ್ರಿಫೈಡ್ ಟೈಲ್ಸ್. ಸುತ್ತ ದಿಂಬು ಇಟ್ಟಿದ್ದೇವೆ ಅನ್ನುತ್ತೀರಿ. ಎಂಟು ತಿಂಗಳ ಮಗುವಿಗೆ ದಿಂಬು ಅಡ್ಡಗೋಡೆಯಲ್ಲ, ಹತ್ತಿ ದಾಟಲು ಮೆಟ್ಟಿಲು. ಆನ್‌ಲೈನಿನಲ್ಲಿ ಸಾವಿರಾರು ರೂಪಾಯಿಗೆ ಬರುವ ಎತ್ತರದ ಟೇಬಲ್ಲೂ ನಮ್ಮ ಮನೆಗಳಿಗೆ ಬೇಡ, ಅಲ್ಲಿಂದಲೂ ಬೀಳುತ್ತವೆ.

ನಮ್ಮ ಅಜ್ಜಿಯರು ನೆಲದ ಮೇಲೆ ಕಾಲು ಚಾಚಿ ಕೂತು, ಮಗುವನ್ನು ಕಾಲಿನ ಮೇಲೆ ಹಾಕಿಕೊಂಡು ಎಣ್ಣೆ ನೀರು ಎರೆಯುತ್ತಿದ್ದದ್ದನ್ನು ನೀವೂ ನೋಡಿರುತ್ತೀರಿ. ಅದರಲ್ಲಿ ದೊಡ್ಡ ಜಾಣತನವಿದೆ. ಎರಡೂ ಕಡೆ ಕಾಲು ಇರುವುದರಿಂದ ಮಗು ಉರುಳಲು ಜಾಗವಿಲ್ಲ, ಎರಡೂ ಕೈ ಖಾಲಿ, ಉರುಳಿದರೂ ಬೀಳಲು ಎತ್ತರವಿಲ್ಲ. ಚಾಪೆ ಹಾಸಿ, ಮೇಲೊಂದು ಕೌದಿಯೋ ದಪ್ಪ ಬಟ್ಟೆಯೋ ಹಾಕಿ ಹಾಗೇ ಕೂರಿ. ಸೊಂಟ ನೋವಿರುವವರು ಗೋಡೆಗೆ ಒರಗಿಕೊಳ್ಳಿ. ಕೆಳಗೆ ಕೂರಲು ಆಗುವುದೇ ಇಲ್ಲ ಅನ್ನುವವರು ಮಂಚವನ್ನೇ ಬಳಸಬೇಕಾದರೆ, ಒಂದು ಕೈ ಯಾವಾಗಲೂ ಮಗುವಿನ ಮೇಲಿರಲಿ. ಫೋನ್ ರಿಂಗಾದರೂ, ಡೆಲಿವರಿ ಹುಡುಗ ಬೆಲ್ ಮಾಡಿದರೂ ಅಷ್ಟೇ.

ಕೂರುವ ಮೊದಲೇ ಎಲ್ಲವೂ ಕೈಗೆಟಕುವಂತಿರಲಿ. ಹೊಸ ಡೈಪರ್ ಬಿಡಿಸಿಟ್ಟಿರಿ. ನಿಲ್ಲಲು ಕಲಿತ ಮಗುವಿಗೆ ಪ್ಯಾಂಟ್ ಮಾದರಿಯ ಡೈಪರನ್ನು ಸೋಫಾ ಹಿಡಿಸಿ ನಿಲ್ಲಿಸಿಯೇ ಹಾಕಬಹುದು. ಹಳೆಯದನ್ನು ಎಳೆದು ಇಳಿಸಬೇಡಿ, ಎರಡೂ ಪಕ್ಕ ಹರಿದು ತೆಗೆಯಿರಿ. ಕಕ್ಕ ಆಗಿದ್ದರೆ ಮಾತ್ರ ಮಲಗಿಸಿ ಸ್ವಚ್ಛ ಮಾಡಬೇಕು. ಹೆಣ್ಣು ಮಗುವಾದರೆ ಮುಂದಿನಿಂದ ಹಿಂದಕ್ಕೆ ಒರೆಸಿ. ಉಡಿದಾರ ಡೈಪರಿನ ಅಂಚಿಗೆ ಸಿಕ್ಕಿಕೊಂಡು ಚರ್ಮಕ್ಕೆ ಒತ್ತುತ್ತಿದೆಯೇ, ಒದ್ದೆಯಾಗಿದೆಯೇ ಎಂದೂ ನೋಡಿ.

ಬಟ್ಟೆಯ ವಿಷಯಕ್ಕೆ ಬಂದರೆ, ದೆಹಲಿಯಲ್ಲಿರುವವರಿಗೆ ಜನವರಿ ಬಂತೆಂದರೆ ಪರೀಕ್ಷೆ. ಬನಿಯನ್, ಅಂಗಿ, ಸ್ವೆಟರ್, ಮೇಲೊಂದು ಕುಲಾವಿ. ತೋಳು ತೂರಿಸುವ ಅವಸರದಲ್ಲಿ ಮಗುವಿನ ಮುಂಗೈ ಹಿಡಿದು ಜಗ್ಗುತ್ತೇವೆ. ಇದು ಅಪಾಯ. ಚಿಕ್ಕ ಮಕ್ಕಳ ಮೊಣಕೈ ಕೀಲು ಇನ್ನೂ ಸಡಿಲ, ಜಗ್ಗಿದರೆ ಮೂಳೆ ಸ್ವಲ್ಪ ಸರಿದುಬಿಡಬಹುದು. ಹಾಗಾದಾಗ ಮಗು ಆ ಕೈ ಬಳಸದೆ ಪಕ್ಕಕ್ಕೆ ಇಳಿಬಿಟ್ಟಿರುತ್ತದೆ, ಮುಟ್ಟಿದರೆ ಅಳುತ್ತದೆ. ಮನೆಯಲ್ಲಿ ತಿರುಗಿಸಿ ಸರಿಮಾಡಲು ಹೋಗಬೇಡಿ, ಡಾಕ್ಟರ ಹತ್ತಿರ ಹೋಗಿ. ಸಾಮಾನ್ಯವಾಗಿ ಅವರು ಕ್ಷಣದಲ್ಲಿ ಕೂರಿಸಿಬಿಡುತ್ತಾರೆ. ಹೀಗಾಗದಿರಲು ದಾರಿ ಸುಲಭ. ನಿಮ್ಮ ಬೆರಳನ್ನು ತೋಳಿನ ತುದಿಯಿಂದ ಒಳಗೆ ತೂರಿಸಿ, ಮಗುವಿನ ಅಂಗೈ ಹಿಡಿದುಕೊಳ್ಳಿ, ಬಟ್ಟೆಯನ್ನು ಅದರ ಕೈ ಮೇಲೆ ಏರಿಸಿ. ಎಳೆಯಬೇಕಾದದ್ದು ಬಟ್ಟೆಯನ್ನು, ಕೈಯನ್ನಲ್ಲ. ಮುಂಬಯಿ, ಚೆನ್ನೈಯವರಿಗೆ ಈ ಕಷ್ಟವೇ ಬೇಡ, ಮುಂದೆ ಗುಂಡಿಯಿರುವ ತೆಳು ಹತ್ತಿಯ ಜಬಲಾ ಸಾಕು.

ಇನ್ನು ಮೊಬೈಲ್. ಡೈಪರ್ ಹಾಕುವಾಗ ಕಾರ್ಟೂನ್ ಹಚ್ಚಿಕೊಟ್ಟರೆ ಮಗು ಬೊಂಬೆಯಂತೆ ಮಲಗುತ್ತದೆ, ಒಪ್ಪುತ್ತೇನೆ. ಆದರೆ ದಿನಕ್ಕೆ ಆರೆಂಟು ಸಲ ಬದಲಿಸುತ್ತೀರಿ, ಅಷ್ಟೂ ಸಲ ಕೊಡಬೇಕಾಗುತ್ತದೆ. ವರ್ಷದೊಳಗಿನ ಮಕ್ಕಳಿಗೆ ಸ್ಕ್ರೀನ್ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಧಾರವಾಡದ ಅಜ್ಜಿ ಆಗೊಮ್ಮೆ ಈಗೊಮ್ಮೆ ವೀಡಿಯೊ ಕಾಲ್‌ನಲ್ಲಿ ಮಾತಾಡಿಸಿದರೆ ಅದು ಬೇರೆ ಮಾತು, ಅಲ್ಲಿರುವುದು ಮನುಷ್ಯರ ಮುಖ. ಕೈಗೆ ಚನ್ನಪಟ್ಟಣದ ಗಿಲಕಿ ಕೊಡಿ, ಸ್ಟೀಲ್ ಚಮಚ ಕೊಡಿ. ಪೌಡರ್ ಡಬ್ಬಿ ಮಾತ್ರ ಬೇಡ. ಮುಚ್ಚಳ ತೆರೆದುಕೊಂಡರೆ ಪುಡಿ ಶ್ವಾಸಕೋಶಕ್ಕೆ ಹೋಗುತ್ತದೆ. ಡೈಪರ್ ಜಾಗಕ್ಕೂ ಪೌಡರ್ ಅಗತ್ಯವಿಲ್ಲ.

ಎಲ್ಲಕ್ಕಿಂತ ಒಳ್ಳೆಯದು ನಿಮ್ಮ ಮಾತು. "ಈಗ ಬಲಗಾಲು ಎಲ್ಲಿ? ಹೊಟ್ಟೆ ಎಲ್ಲಿ?" ಅನ್ನುತ್ತ ಹೋಗಿ. ಹಗಲೆಲ್ಲ ಬಾಯಿಯ ಮರಾಠಿ ಅಥವಾ ನೆರೆಮನೆಯ ಹಿಂದಿ ಕೇಳುವ ಮಗುವಿಗೆ ಕನ್ನಡ ಬೀಳುವ ಹೊತ್ತೂ ಇದೇ. (ಬಾಯಿ ಮರಾಠಿ ಹಾಡು ಹೇಳಿದರೂ ನಷ್ಟವೇನಿಲ್ಲ ಬಿಡಿ.) ಅಪ್ಪಂದಿರೇ, ಈ ಮಾತು ನಿಮಗೂ. ಭಾನುವಾರ ಫೋಟೊಗೆ ಒಂದು ಡೈಪರ್ ಹಾಕಿದರೆ ಕೈ ಪಳಗುವುದಿಲ್ಲ. ರಾತ್ರಿಯ ಒಂದು ಸರದಿ ಪೂರ್ತಿ ನಿಮ್ಮದಾಗಲಿ.

ಸಾಮಾನ್ಯವಾಗಿ ನಗುತ್ತ ಹೊರಳಾಡುವ ಮಗು ಇದ್ದಕ್ಕಿದ್ದಂತೆ ಒರೆಸಿದಾಗೆಲ್ಲ ಚೀರಿದರೆ ಚರ್ಮ ನೋಡಿ. ಕೆಂಪಾಗಿದ್ದರೆ ನೀರಿನಿಂದ ತೊಳೆದು, ಒತ್ತಿ ಒರೆಸಿ, ಸ್ವಲ್ಪ ಹೊತ್ತು ಡೈಪರ್ ಇಲ್ಲದೆ ಬಿಡಿ. ಪೆಟ್ರೋಲಿಯಂ ಜೆಲ್ಲಿ ಅಥವಾ ಜಿಂಕ್ ಆಕ್ಸೈಡ್ ಮುಲಾಮು ಹಚ್ಚಿ. ಎರಡು ಮೂರು ದಿನದಲ್ಲಿ ಕಡಿಮೆಯಾಗದಿದ್ದರೆ, ಸಂದಿಗಳಲ್ಲಿ ಕೆಂಪು ಗುಳ್ಳೆ ಎದ್ದರೆ ಡಾಕ್ಟರಿಗೆ ತೋರಿಸಿ. ಮೆಡಿಕಲ್ ಶಾಪಿನವರು ಕೊಡುವ ಸ್ಟೀರಾಯ್ಡ್ ಬೆರೆತ ಮುಲಾಮನ್ನು ಕೇಳಿ ಹಚ್ಚಬೇಡಿ.

ಇಷ್ಟಾಗಿಯೂ ಮಗು ಎತ್ತರದಿಂದ ಬಿದ್ದು ತಲೆಗೆ ಪೆಟ್ಟಾದರೆ, ವರ್ಷದೊಳಗಿನ ಮಗುವನ್ನು ಒಮ್ಮೆ ಡಾಕ್ಟರಿಗೆ ತೋರಿಸುವುದು ಒಳ್ಳೆಯದು. ವಾಂತಿ, ಮಂಕು, ಎಬ್ಬಿಸಿದರೂ ಏಳದಿರುವುದು, ಫಿಟ್ಸ್, ನಿಲ್ಲದ ಅಳು, ತಲೆಯಲ್ಲಿ ಮೆತ್ತನೆಯ ಊತ, ಇವುಗಳಲ್ಲಿ ಒಂದು ಕಂಡರೂ ಊರಿಗೆ ಫೋನ್ ಮಾಡುತ್ತ ಕೂರಬೇಡಿ, ನೇರ ಆಸ್ಪತ್ರೆಗೆ ಹೊರಡಿ. ಅಮ್ಮನಿಗೆ ದಾರಿಯಲ್ಲಿ ಹೇಳಿದರಾಯಿತು.