ಶಾಂತಲೆಯ ಸಿಂಗಾರ, ನಮ್ಮ ಮನೆಯ ಮದುಮಗಳು

ಶಿವಗಂಗೆಯ ಬೆಟ್ಟವನ್ನು ಹತ್ತಿದ ಭಕ್ತರಿಗೆ ಅಲ್ಲಿಯವರು ಒಂದು ಪ್ರಪಾತವನ್ನು ತೋರಿಸಿ, ಶಾಂತಲಾರಾಣಿ ಹಾರಿದ್ದು ಇಲ್ಲಿಂದಲೇ ಎಂದು ಹೇಳುವುದುಂಟು. ಶ್ರವಣಬೆಳಗೊಳದ ಶಾಸನವಾದರೋ ಆಕೆ ಶಿವಗಂಗೆಯಲ್ಲಿ ದೇಹವಿಟ್ಟಳೆಂದಷ್ಟೇ ತಿಳಿಸುತ್ತದೆ. ಅದು 1131ರ ಸಂಗತಿ. ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿ, ಶೈವನಾದ ಮಾರಸಿಂಗಯ್ಯನಿಗೂ ಜೈನಳಾದ ಮಾಚಿಕಬ್ಬೆಗೂ ಮಗಳು, ಗೀತ ವಾದ್ಯ ನೃತ್ಯಗಳಲ್ಲಿ ನಿಪುಣೆಯೆಂದು ಶಾಸನಗಳಿಂದ ಹೊಗಳಿಸಿಕೊಂಡವಳು. ನೆಲಮಂಗಲ ಸೀಮೆಯವರಾದ ನಮಗೆ ಆಕೆ ಕೇವಲ ದೂರದ ಬೇಲೂರಿನ ರಾಣಿಯಲ್ಲ. ಆದರೆ ಈ ತಿಂಗಳು ಆಕೆಯ ಹೆಸರು ನನ್ನ ಕಿವಿಗೆ ಬಿದ್ದುದು ಬೆಟ್ಟದ ಮೇಲಲ್ಲ, ದೊಡ್ಡಬಳ್ಳಾಪುರದ ಭಕ್ತರೊಬ್ಬರ ಮನೆಯ ಪಡಸಾಲೆಯಲ್ಲಿ.

ಲಗ್ನಪತ್ರಿಕೆಯ ಕಾರ್ಯಕ್ಕೆಂದು ಹೋಗಿದ್ದೆ. ಮದುಮಗಳು ಮೊಬೈಲಿನಲ್ಲಿ ಒಂದು ಚಿತ್ರವನ್ನು ತೋರಿಸಿ, "ತಾತ, ಇದಕ್ಕೆ ಶಾಂತಲಾ ಲುಕ್ ಅಂತಾರೆ. ಮುಹೂರ್ತಕ್ಕೆ ಹೀಗೇ ಮೇಕಪ್ ಮಾಡ್ತಾರೆ," ಎಂದಳು. ಅವಳ ಅಜ್ಜಿ ಒಳಗಿನಿಂದಲೇ ದನಿಯೆತ್ತಿದರು: "ಅಯ್ನೋರೆ, ನೀವಾದ್ರೂ ಒಂದು ಮಾತು ಹೇಳಿ. ಬೆಳ್ಳಗಾಗ್ಬೇಕು ಅಂತ ಮೂರು ತಿಂಗಳಿಂದ ಅದೇನೋ ಕ್ರೀಮು ಬಳ್ಕೋತಾವ್ಳೆ. ಮದುವೆ ದಿನ ಇಭೂತಿ ಇಟ್ರೆ ಪೌಡ್ರು ಕೆಡ್ತದೆ ಅಂತ ಬೇರೆ ಆ ಮೇಕಪ್ಪಿನಾಕೆ ಹೇಳಿದ್ಲಂತೆ."

ಸಿಂಗಾರವನ್ನು ನಾನು ಖಂಡಿಸುವೆನೆಂದು ಅಜ್ಜಿ ಎದುರು ನೋಡಿದ್ದರೆ ಅವರಿಗೆ ನಿರಾಶೆಯಾಗಿರಬೇಕು. ಮದುವೆಯ ದಿನವೂ ಅಲಂಕರಿಸಿಕೊಳ್ಳದ ಹೆಣ್ಣುಮಗಳು ಇನ್ನಾವ ದಿನ ಅಲಂಕರಿಸಿಕೊಂಡಾಳು? ನಾನು ಕೇಳಿದ್ದು ಬೇರೆ ಪ್ರಶ್ನೆ: "ಬೇಲೂರಿಗೆ ಹೋಗಿದ್ದೀಯಾ, ಮಗಳೇ?" ಶಾಲೆಯ ಪ್ರವಾಸದಲ್ಲಿ ಹೋಗಿದ್ದಳಂತೆ. "ಅಲ್ಲಿಯ ಮದನಿಕೆಯರ ಬಣ್ಣ ಯಾವುದು?" ಹುಡುಗಿ ಸ್ವಲ್ಪ ಹೊತ್ತು ಯೋಚಿಸಿ, "ಕಪ್ಪು," ಎಂದಳು.

ಹೌದು, ಕಪ್ಪು. 1117ರಲ್ಲಿ ಪ್ರತಿಷ್ಠೆಗೊಂಡ ಚೆನ್ನಕೇಶವನ ಗುಡಿಯನ್ನು ಕಟ್ಟಿದ್ದು ಬಳಪದ ಕಲ್ಲಿನಿಂದ. ಗಣಿಯಿಂದ ತೆಗೆದಾಗ ಮೆದುವಾಗಿದ್ದು ಗಾಳಿಬಿಸಿಲಿಗೆ ಗಟ್ಟಿಯಾಗುವ ಕಲ್ಲದು. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದ ರೂವಾರಿಗಳು ತಮ್ಮ ಹೆಸರನ್ನೂ ಕೆತ್ತಿಟ್ಟು ನಿಲ್ಲಿಸಿದ ಆ ಚೆಲುವೆಯರಲ್ಲಿ ಬಿಳುಪಿನ ಸುಳಿವೇ ಇಲ್ಲ. ದರ್ಪಣಸುಂದರಿಗೆ ಸ್ವತಃ ಶಾಂತಲೆಯೇ ಮಾದರಿಯೆಂಬುದು ಜನರ ನಂಬಿಕೆ, ಶಾಸನದ ಮಾತಲ್ಲ. ಅದು ನಿಜವೆಂದೇ ಇಟ್ಟುಕೊಳ್ಳೋಣ. ಅವಳ ಕೈಯ ಕನ್ನಡಿ ಗಾಜಿನದೂ ಅಲ್ಲ. ಆ ಕಾಲದ ಕನ್ನಡಿ ಉಜ್ಜಿ ಹೊಳಪಿಸಿದ ಲೋಹ. ಅದರಲ್ಲಿ ಅವಳು ಕಂಡುಕೊಂಡ ಮುಖದ ಸೊಬಗೆಲ್ಲ ರೇಖೆಯಲ್ಲಿದೆ: ಕಿವಿಯ ಕಡೆಗೆ ಚಾಚಿದ ನೀಳ ಕಣ್ಣು, ಬಿಲ್ಲಿನಂತೆ ಬಾಗಿದ ಹುಬ್ಬು, ಹಿಂದಕ್ಕೆ ಸೇರಿಸಿ ಕಟ್ಟಿದ ತುರುಬು, ಕೆನ್ನೆಯ ಪಕ್ಕದಲ್ಲಿ ತೂಗುವ ದುಂಡನೆಯ ದೊಡ್ಡ ಓಲೆ. ಮೊಬೈಲಿನ ಚಿತ್ರದಲ್ಲಿದ್ದವಳಾದರೋ ಗೋಡೆಗೆ ಸುಣ್ಣ ಬಳಿದಂತೆ ಬೆಳ್ಳಗಿದ್ದಳು. ಕಣ್ಣಿನ ಪಾಪೆಗೂ ತಿಳಿನೀಲಿಯ ಲೆನ್ಸು. ಹೊಯ್ಸಳರ ಆಸ್ಥಾನದಿಂದ ಅಲ್ಲಿಗೆ ಬಂದದ್ದು ಹೆಸರೊಂದೇ.

ಬಣ್ಣ ಮತ್ತು ಪರಿಮಳಗಳ ವಿಷಯದಲ್ಲಿ ಕಲ್ಲು ಮೌನವಾಗಿದ್ದರೂ ಗ್ರಂಥಗಳು ಮಾತಾಡುತ್ತವೆ. ಹೊಯ್ಸಳರು ಅಂದು ಹೆಸರಿಗಾದರೂ ಕಲ್ಯಾಣದ ಚಾಲುಕ್ಯರ ಸಾಮಂತರು. ಶಾಂತಲೆ ತೀರಿಕೊಂಡ ವರ್ಷಗಳ ಆಸುಪಾಸಿನಲ್ಲೇ ಕಲ್ಯಾಣದಲ್ಲಿ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ 'ಮಾನಸೋಲ್ಲಾಸ'ವನ್ನು ರಚಿಸಿದ. ಅದರ ಒಂದು ವಿಂಶತಿ ಉಪಭೋಗಗಳಿಗೇ ಮೀಸಲು. ಸ್ನಾನ, ತಾಂಬೂಲ, ವಿಲೇಪನ, ವಸ್ತ್ರ, ಮಾಲೆ, ಭೂಷಣ ಒಂದೊಂದಕ್ಕೂ ಒಂದೊಂದು ಅಧ್ಯಾಯ. ಅದಕ್ಕೂ ಒಂದು ಶತಮಾನ ಮೊದಲೇ, 1025ರ ಸುಮಾರಿಗೆ, ಚಾವುಂಡರಾಯನು ಕನ್ನಡದಲ್ಲಿ ಬರೆದ 'ಲೋಕೋಪಕಾರ'ದಲ್ಲಿ ಸುಗಂಧದ್ರವ್ಯಗಳ ತಯಾರಿಕೆ ಸೇರಿದೆ. ಮಠದ ಪಾಠಶಾಲೆಯಲ್ಲಿದ್ದಾಗ ಇಂಥ ಭಾಗಗಳನ್ನು ನಾವು ಗುರುಗಳ ಕಣ್ಣು ತಪ್ಪಿಸಿ ಓದುತ್ತಿದ್ದೆವೆಂಬುದನ್ನು ಈ ವಯಸ್ಸಿನಲ್ಲಿ ಒಪ್ಪಿಕೊಂಡರೆ ದೋಷವಿಲ್ಲ. ಮುಂದೆ ಶರಣರು ನಡೆದಾಡಿದ್ದೂ ಅದೇ ಕಲ್ಯಾಣದಲ್ಲಿ. ಆ ಭೋಗದ ಪಟ್ಟಿಯನ್ನು ನೋಡಿದವರಿಗೆ, ಅವರು ಏನನ್ನು ಕಂಡು ಮುಖ ತಿರುಗಿಸಿದರೆಂಬುದು ಚೆನ್ನಾಗಿ ಅರ್ಥವಾಗುತ್ತದೆ.

ಇರಲಿ. ಆಸ್ಥಾನದ ಸಿಂಗಾರವೇ ಬೇಕೆಂದರೆ ಅದಕ್ಕೆ ಬೇಕಾದುದು ಬಹುಪಾಲು ನಮ್ಮ ಮನೆಗಳಲ್ಲೇ ಇದೆ. ತೇಯ್ದ ಗಂಧ, ಅರಿಸಿನ, ತುಟಿಗೆ ರಂಗು ಕೊಡುವ ಎಲೆಯಡಿಕೆ, ತುರುಬಿಗೆ ಮಲ್ಲಿಗೆಯ ದಂಡೆ. ಕಣ್ಣಿಗೆ ಕಪ್ಪನ್ನು ನೀಳವಾಗಿ ಎಳೆಯಲಿ; ಆದರೆ ಕಲ್ಲರೆದು ಮಾಡಿದ ಸುರ್ಮಾ ಬೇಡ, ಅಂಥವುಗಳಲ್ಲಿ ಸೀಸವಿರುವುದುಂಟು. ಸೀರೆಗಾಗಿಯಂತೂ ದೊಡ್ಡಬಳ್ಳಾಪುರದವರು ಹೊರಗೆ ಹೋಗಬೇಕಾಗಿಲ್ಲ, ಬೀದಿಬೀದಿಯಲ್ಲಿ ಮಗ್ಗಗಳ ಸದ್ದಿದೆ.

ನನಗೆ ಕಳವಳವಾದದ್ದು ಆ ಕ್ರೀಮಿನ ವಿಷಯದಲ್ಲಿ. ಡಬ್ಬಿಯನ್ನು ತರಿಸಿ ನೋಡಿದೆ. ತಯಾರಿಸಿದವರ ವಿಳಾಸವಿಲ್ಲ, ಒಳಗೇನಿದೆಯೆಂಬ ಪಟ್ಟಿಯಿಲ್ಲ. ಬೇಗನೆ ಬೆಳ್ಳಗಾಗಿಸುವ ಇಂಥ ಕ್ರೀಮುಗಳಲ್ಲಿ ಎಷ್ಟೋ ವೇಳೆ ಪಾದರಸ ಬೆರೆತಿರುತ್ತದೆ. ಚರ್ಮಕ್ಕೆ ಬಣ್ಣ ಕೊಡುವ ವಸ್ತು ಹುಟ್ಟದಂತೆ ಪಾದರಸ ತಡೆಯುತ್ತದೆ. ಅದಕ್ಕೇ ಮೊದಲ ವಾರಗಳಲ್ಲಿ ಮುಖ ತಿಳಿಯಾದಂತೆ ಕಾಣುವುದು. ಆದರೆ ಅದು ಚರ್ಮದ ಮೂಲಕ ರಕ್ತಕ್ಕಿಳಿದು ಮೂತ್ರಪಿಂಡಗಳನ್ನು ಕೆಡಿಸಬಲ್ಲದು. 2023ರ ಸುಮಾರಿಗೆ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಮೂತ್ರಪಿಂಡದ ಕಾಯಿಲೆಯಿಂದ ಬಂದ ಹಲವು ರೋಗಿಗಳನ್ನು ವಿಚಾರಿಸಿದ ವೈದ್ಯರಿಗೆ, ಅವರಲ್ಲಿ ಹೆಚ್ಚಿನವರು ಬೆಳ್ಳಗಾಗುವ ಕ್ರೀಮು ಹಚ್ಚುತ್ತಿದ್ದರೆಂದು ತಿಳಿದುಬಂತು. ಪಾದರಸ ಬೆರೆಸಿದ ಪ್ರಸಾಧನಗಳನ್ನು ಸಂಪೂರ್ಣವಾಗಿ ನಿಲ್ಲಿಸಬೇಕೆಂದು ಮಿನಮಾಟ ಒಪ್ಪಂದದ ರಾಷ್ಟ್ರಗಳು ಅದೇ ವರ್ಷ ತೀರ್ಮಾನಿಸಿವೆ. ಮುಖ ಊದುವುದು, ಕಾಲು ಬಾಯುವುದು, ಮೂತ್ರದಲ್ಲಿ ನೊರೆ ಕಾಣುವುದು, ಇವುಗಳಲ್ಲಿ ಯಾವುದಿದ್ದರೂ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಹಚ್ಚುತ್ತಿದ್ದ ಕ್ರೀಮಿನ ಡಬ್ಬಿಯನ್ನೂ ಜೊತೆಗೆ ಒಯ್ಯಬೇಕು. ಇಷ್ಟನ್ನೂ ಹುಡುಗಿಯ ತಾಯಿಯನ್ನು ಕೂರಿಸಿಕೊಂಡು ಹೇಳಿದೆ. ಮಾರನೆಯ ದಿನವೇ ಪರೀಕ್ಷೆ ಮಾಡಿಸಿದರು. ಶಿವಾನುಗ್ರಹದಿಂದ ದೋಷವೇನೂ ಕಾಣಲಿಲ್ಲ. ಬಿಡಿಸಿದ ಮೇಲೆ ಕೆಲವು ವಾರ ಕೆನ್ನೆ ಮೊದಲಿಗಿಂತ ಕಪ್ಪಾದಂತಾಗಿ ಮಗು ಒಬ್ಬಳೇ ಕೂತು ಅತ್ತಳೆಂದು ಅಜ್ಜಿ ಫೋನಿನಲ್ಲಿ ತಿಳಿಸಿದರು. ಅದಕ್ಕೆ ನನ್ನ ಬಳಿ ಶ್ಲೋಕವಿರಲಿಲ್ಲ.

ಉಳಿದದ್ದು ವಿಭೂತಿಯ ಪ್ರಶ್ನೆ. ಮೇಕಪ್ಪಿನ ಹೆಣ್ಣುಮಗಳನ್ನೇ ಕರೆಸಿ ಕೇಳಿದೆ. ಬಲು ಸಭ್ಯಳು, ತನ್ನ ಕಷ್ಟವನ್ನು ಬಿಡಿಸಿ ಹೇಳಿದಳು: "ಹಣೆ ಬಿಟ್ಟು ಮಿಕ್ಕ ಮುಖಕ್ಕೆ ಹಚ್ಚಿದ್ರೆ ಎರಡು ಬಣ್ಣ ಎದ್ದು ಕಾಣತ್ತೆ, ಗುರುಗಳೇ. ಹಚ್ಚಿದ ಮೇಲೆ ವಿಭೂತಿ ಇಟ್ರೆ ಒದ್ದೆಗೆ ಕಿತ್ಕೊಂಡು ಬರತ್ತೆ." ನಾನು, "ಹಚ್ಚುವ ಬಣ್ಣ ಹುಡುಗಿಯ ಮೈಬಣ್ಣವೇ ಆದರೆ?" ಎಂದೆ. ಆಕೆ ಮದುಮಗಳ ಕೈಯನ್ನು ಬೆಳಕಿಗೆ ತಿರುಗಿಸಿ ನೋಡಿದಳು. "ಹಾಗಾದ್ರೆ ಗೆರೆ ಕಾಣಲ್ಲ," ಎಂದಳು.

ಮದುವೆಗೆ ಹೋಗಿದ್ದೆ. ತುರುಬು ಬೇಲೂರಿನದು, ಓಲೆ ಅಜ್ಜಿಯದು, ಮೈಬಣ್ಣ ಅವಳದೇ. ಬರಿಯ ಹಣೆಯ ಮೇಲೆ ಮೂರೆಳೆಯ ವಿಭೂತಿ ಮುಹೂರ್ತ ಮುಗಿಯುವವರೆಗೂ ಅಳಿಯಲಿಲ್ಲ. ಬೆಳಕು ಸಾಲದೆಂದು ಫೋಟೋದವನು ಮಾತ್ರ ಊಟದ ಹೊತ್ತಿನವರೆಗೂ ಗೊಣಗುತ್ತಲೇ ಇದ್ದ.